ಶುಕ್ರವಾರ ಹನ್ನೆರಡಕ್ಕೆ ನಿಂತ ಕಂಪ್ಯೂಟರ್

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತರೀಕೆರೆಯ ಒಂದು ಮಾರಾಟ ಸಂಘಕ್ಕೆ ನಮ್ಮ ಸಣ್ಣ ಕಂಪನಿ ಕಂಪ್ಯೂಟರ್ ಕೊಟ್ಟಿತ್ತು. ಸದಸ್ಯರ ಕಡತ ಒಂದು ಡಿಸ್ಕಿನಲ್ಲಿ, ದಾಸ್ತಾನಿನದು ಇನ್ನೊಂದರಲ್ಲಿ. ಆ ಡಿಸ್ಕುಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಬರೆದವನು ನಾನು. ಕಡೂರಿನಲ್ಲಿ ರೂಮು ಮಾಡಿಕೊಂಡಿದ್ದೆ. ತರೀಕೆರೆಯಿಂದ ಫೋನು ಬಂದಾಗಲೆಲ್ಲ ಬಸ್ಸು ಹಿಡಿಯುತ್ತಿದ್ದೆ. ಪರದೆ, ಕೀಲಿಮಣೆ ಇದ್ದ ಎರಡು ಟರ್ಮಿನಲ್ಲೂ ಇದ್ದಕ್ಕಿದ್ದಂತೆ ಕಲ್ಲಾಗಿ ಕೂರುತ್ತಿದ್ದವು. ನಾನು ಹೋಗಿ ನೋಡಿದರೆ ಎಲ್ಲ ಸರಿ.

ಟರ್ಮಿನಲ್ ಮುಂದೆ ಕೂರುತ್ತಿದ್ದವರು ಇಬ್ಬರು. ಒಬ್ಬಾಕೆ ಕಾರ್ಯದರ್ಶಿಯ ತಂಗಿ. ಇನ್ನೊಬ್ಬರು ಅಜ್ಜಂಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ವಿಧವೆ. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬೈಗುಳವೆಲ್ಲ ಅವರಿಗೇ.

ಒಂದು ಶುಕ್ರವಾರ ಸಂಘದ ನಿರ್ದೇಶಕರು ನೋಡಲು ಬಂದರು. ಹನ್ನೆರಡಕ್ಕೆ ಸರಿಯಾಗಿ ಯಂತ್ರ ನಿಂತಿತು.

“ಆಯಮ್ಮ ಏನೋ ತಪ್ಪು ಒತ್ಬಿಟ್ಲು. ಅಲ್ವೇನ್ರೀ?” ಎಂದು ಕಾರ್ಯದರ್ಶಿ ಎಲ್ಲರೆದುರು ನನ್ನನ್ನು ಕೇಳಿದರು.

ಅಜ್ಜಂಪುರದಾಕೆ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ನನ್ನ ಡ್ರೈವರಿನದೇ ಇರಬಹುದು ಎನ್ನಲು ನನ್ನ ಕೊಬ್ಬು ಬಿಡಲಿಲ್ಲ. “ನೋಡ್ಬೇಕು” ಎಂದೆ. ಅಂದೇ ಸಂಜೆ ಅವರಿಗೆ ನಾಳೆಯಿಂದ ಬರಬೇಡಿ ಎಂದರು.

ಮರುವಾರ ಶನಿವಾರ ಬೆಳಗ್ಗೆ ಹತ್ತಕ್ಕೇ ಹೋಗಿ ಕೂತೆ. ಕಾರ್ಯದರ್ಶಿಯ ತಂಗಿಯೂ ಹೊಸದಾಗಿ ಬಂದಿದ್ದ ಹುಡುಗಿಯೂ ಕೈಕಟ್ಟಿ ಕೂತಿದ್ದರು.

“ಯಾಕೆ, ಶುರು ಮಾಡಲ್ವಾ?”

“ರಾಹುಕಾಲ ಕಳೀಲಿ ತಡೀರಿ ಸಾರ್” ಎಂದಳು ತಂಗಿ.

ಶುಕ್ರವಾರ ರಾಹುಕಾಲ ಮುಗಿಯುವುದು ಹನ್ನೆರಡಕ್ಕೆ, ಶನಿವಾರ ಹತ್ತೂವರೆಗೆ. ಹತ್ತೂವರೆ ಆದದ್ದೇ ಇಬ್ಬರೂ ಒಟ್ಟಿಗೇ ಕೀಲಿ ಒತ್ತಿದರು. ಯಂತ್ರ ನಿಂತಿತು. ಒಬ್ಬಳ ಕೆಲಸ ಒಂದನೇ ಡಿಸ್ಕಿಗೆ ಬೀಗ ಹಾಕಿಕೊಂಡು ಎರಡನೆಯದಕ್ಕೆ ಕಾಯುತ್ತಿತ್ತು. ಇನ್ನೊಬ್ಬಳದು ಎರಡನೆಯದನ್ನು ಹಿಡಿದು ಒಂದನೆಯದಕ್ಕೆ. ಎರಡೂ ಬಿಡುವ ಪೈಕಿ ಅಲ್ಲ. ನಾನೋ, ಒಬ್ಬನೇ ಕೂತು ಒಂದಾದ ಮೇಲೊಂದು ಪರೀಕ್ಷೆ ಮಾಡಿದ ಮಹಾ ಬುದ್ಧಿವಂತ. ಯಾರೇ ಆದರೂ ಮೊದಲು ಒಂದನೇ ಡಿಸ್ಕನ್ನೇ ಹಿಡಿಯಬೇಕು ಎಂದು ತಿದ್ದಿದೆ. ಮತ್ತೆ ನಿಲ್ಲಲಿಲ್ಲ.

“ನೋಡಿದ್ರಾ, ಆಯಮ್ಮ ಹೋದ್ಮೇಲೆ ಸರಿಹೋಯ್ತು” ಎಂದರು ಕಾರ್ಯದರ್ಶಿ. ತಪ್ಪು ನನ್ನದು ಎಂದು ಬಿಡಿಸಿ ಹೇಳಿದೆ. “ನೀವು ಒಳ್ಳೇವ್ರು ಕಣ್ರೀ, ಅದ್ಕೇ ಹಂಗಂತೀರ” ಎಂದು ನಕ್ಕುಬಿಟ್ಟರು.

ಅಜ್ಜಂಪುರಕ್ಕೆ ಹೋದೆ. ಆಕೆ ಕಾಫಿ ಕೊಟ್ಟರು. ಎಲ್ಲ ಕೇಳಿಸಿಕೊಂಡರು.

“ಅವತ್ತೇ ನಿಮಗೆ ಅನುಮಾನ ಇತ್ತಾ ಸಾರ್?”

“ಇತ್ತು.”

ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.