ಅಪ್ಪ ಎನ್ನುವ ಮಾತು

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದರೂ, ಪ್ರಾರ್ಥನೆಗೆ ಕೈ ಜೋಡಿಸಿದರೂ ಅದೊಂದು ಹೊರಗೇ ನಿಂತಿರುತ್ತಿತ್ತು. ಅವರು ಹಿರಿಯೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ, ನಿವೃತ್ತ ನರ್ಸ್. ಓಣಿಗೆಲ್ಲ ಸಿಸ್ಟರಮ್ಮ. ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತ, ದೇವರು ಪಕ್ಕದಲ್ಲೇ ನಿಂತಿದ್ದಾನೆ ಎನ್ನುವಂತೆ ಮಾತಾಡುತ್ತಿದ್ದರು: "ಅಪ್ಪಾ, ಇವತ್ತು ಮಂಡಿ ಬಾಳ ನೋಯ್ತೈತೆ, ನೋಡ್ಕ."

ಆ 'ಅಪ್ಪಾ' ಕಿವಿಗೆ ಬಿದ್ದರೆ ಮಹಡಿಯಲ್ಲಿ ನಾನು ಕಿಟಕಿ ಮುಚ್ಚುತ್ತಿದ್ದೆ. ನನ್ನಪ್ಪ ಧರ್ಮಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಬೀಳುತ್ತಿದ್ದವನು. ಅಂಥವನೊಬ್ಬನಿದ್ದಾನೆಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಅವನೇ ಬಂದ. ಚರ್ಚಿನಿಂದ ಜನ ಮರಳುವ ಹೊತ್ತು. ಪಂಚೆ ಜಾರುತ್ತಿದ್ದರೂ ಗಮನವಿಲ್ಲದೆ ಓಣಿಯ ನಡುವೆ ನಿಂತು ನನ್ನ ಹೆಸರು ಕೂಗತೊಡಗಿದ. ಹುಡುಗರು ನಕ್ಕರು. ನಾನು ಬಾಗಿಲ ಚಿಲಕ ಹಾಕಿ ಹಿಂದೆ ಅಡಗಿದೆ. ಮಂಡಿನೋವಿನ ಸಿಸ್ಟರಮ್ಮ ಓಡಿಹೋದರು. ಪಂಚೆ ಸರಿಮಾಡಿ, ತೋಳು ಹಿಡಿದು, "ಬರ್ರಿ ಅಣ್ಣಾರೆ, ಕುಂತ್ಕಳ್ರಿ. ಮಗಳು ಅನ್ನಕ್ಕಿಟ್ಟೈತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ಅನ್ನಕ್ಕಿಟ್ಟಿರಲಿಲ್ಲ. ಅವರ ಮನೆಯ ಅನ್ನ ಉಂಡು, ಅವರ ಕಟ್ಟೆಯ ಮೇಲೆ ಮಲಗೆದ್ದು ಅವನು ಬಸ್ಸು ಹತ್ತಿದ.

"ದೇವ್ರನ್ನ ಅಪ್ಪ ಅಂತೀರಲ್ಲಮ್ಮ, ನಂಗೆ ಆ ಮಾತು ಕೇಳಿದ್ರೇ ಮೈ ಸುಡ್ತೈತೆ" ಎಂದೆ, ಆ ಸಂಜೆ ಸಿಸ್ಟರಮ್ಮನಿಗೆ.

ಅವರು ಕಿರುಬೆರಳು ಚಾಚಿದರು. "ಇದನ್ನ ಮುರಿದಿದ್ದು ನಮ್ಮಪ್ಪ, ಸೌದೆ ತಗಂಡು. ಅವನ್ನ ನೋಡಿ ದೇವ್ರೂ ಹಿಂಗೇ ಅಂದ್ಕಂಡಿದ್ರೆ ಚರ್ಚಿನ ಮೆಟ್ಲು ಹತ್ತಿರ್ಲಿಲ್ಲ ಕಣವ್ವ. ದೇವ್ರನ್ನ ನೋಡಿ, ಅಪ್ಪ ಅಂದ್ರೆ ಏನು ಅಂತ ಕಲ್ತೆ. ಬೈಬಲ್ಲಿನ ಕತೆಯಾಗೆ ಮನೆ ಬಿಟ್ಟೋದ ಮಗ ದೂರದಾಗೆ ಕಂಡ್ರೆ, ಬೈಯೋದು ಬಿಟ್ಟು ಓಡೋಗಿ ತಬ್ಕಂತಾನಲ್ಲ, ಅಂಥೋನು." ತಲೆ ತಗ್ಗಿಸಿ ಹೇಳಿದರು: "ನಮ್ಮಪ್ಪ ಸಾಯೋವಾಗ ನಾನು ಹೋಗ್ಲಿಲ್ಲ. ಅದನ್ನೂ ಆ ಅಪ್ಪಂಗೇ ಹೇಳ್ಕಂಡೀನಿ."

ಆಮೇಲೆ ಅಪ್ಪ ಆಗಾಗ ಬಂದು ಅವರಲ್ಲೇ ಉಂಡು ಹೋಗುತ್ತಿದ್ದ. ನಾನು ಮಹಡಿಯಿಂದ ಇಳಿಯುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಸಿಸ್ಟರಮ್ಮ ತೀರಿಕೊಂಡರು. ಸಮಾಧಿಯ ಸುತ್ತ ಎಲ್ಲರೂ "ನಮ್ಮ ತಂದೆಯೇ" ಎಂದು ಪ್ರಾರ್ಥನೆ ಶುರುಮಾಡಿದಾಗ ಆ ಮಾತಿಗೆ ನನ್ನ ಬಾಯಿ ಏಳಲಿಲ್ಲ. ತಲೆಯೆತ್ತಿದರೆ ಸ್ಮಶಾನದ ಗೇಟಿನಾಚೆ ಅಪ್ಪ ನಿಂತಿದ್ದ. ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ತೊಟ್ಟಿದ್ದ. ಹತ್ತಿರ ಹೋದಾಗ ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ.

"ಒಂದಿಡಿ ಮಣ್ಣು ಹಾಕಿ ಹೊಂಟೋಗ್ತೀನಿ. ಒಳಗೆ ಬರ್ಲೇನವ್ವ? ನಿಂಗೆ ಅವಮಾನ ಆಗಲ್ವಾ?"

ಹೆತ್ತವನು ನನ್ನ ಅಪ್ಪಣೆಗಾಗಿ ಕಾಯುತ್ತಿದ್ದ. ಇಷ್ಟು ವರ್ಷ ಅವನಿಗಾಗಿ ನಾಚಿದ್ದವಳು ಆ ದಿನ ನನಗಾಗಿ ನಾಚಿದೆ.

"ಬಾರಪ್ಪ" ಎಂದೆ, ಎಲ್ಲರಿಗೂ ಕೇಳುವಂತೆ.