ಹಗ್ಗವಿಲ್ಲದೆ ಬಂದ ಲೆನ್ಸು

ಅವತ್ತೂ ಎಂದಿನಂತೆ ನಾಲ್ಕಕ್ಕೇ ಎದ್ದೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ. ಹಾಲು ಕಾಯಿಸಿ, ನಮ್ಮ ಮನೆಯವರ ಮಧ್ಯಾಹ್ನದ ಊಟಕ್ಕೆ ಅನ್ನ, ಹುಳಿ ಮಾಡಿಟ್ಟು, ನನಗೆ ಒಂದು ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡೆ. ಕೊನೆಗೆ ಮಹಡಿ ಹತ್ತಿ ಹಕ್ಕಿಗಳಿಗೆಂದು ಇಟ್ಟಿರುವ ಮಣ್ಣಿನ ಬಟ್ಟಲನ್ನು ತೊಳೆದು ನೀರು ತುಂಬಿಸಿದೆ. ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಆಗಲೇ ತಮ್ಮ ಮಹಡಿಯ ಮೇಲೆ ಬಟ್ಟೆ ಹರಡುತ್ತಿದ್ದರು.

"ಮಧ್ಯಾಹ್ನ ಒಂದ್ಸಲ ಈ ಬಟ್ಟಲು ನೋಡ್ತೀರಾ? ಕಲ್ಯಾಣದುರ್ಗಕ್ಕೆ ಹೋಗ್ತಿದ್ದೀನಿ, ಕ್ಯಾಮೆರಾ ಬದಲಾಯಿಸೋಕೆ," ಎಂದೆ.

"ನೋಡ್ತೀನಿ ಬಿಡಮ್ಮ. ಇರೋದಕ್ಕೆ ಏನಾಗೈತೆ? ನನ್ ಮೊಮ್ಮಗಂದು ಎಷ್ಟು ಚೆಂದ ತೆಗ್ದಿದ್ದೆ."

ಏನೂ ಆಗಿರಲಿಲ್ಲ. ಎಂಟು ವರ್ಷದಿಂದ ಅದು ನನ್ನ ಕೈಯಲ್ಲಿದೆ. ಕತ್ತಲಲ್ಲೂ ಅದರ ಗುಂಡಿಗಳು ನನ್ನ ಬೆರಳಿಗೆ ಸಿಗುತ್ತವೆ. ಆದರೆ ಎರಡು ವರ್ಷದ ಹಿಂದೆ ರೊದ್ದಂ ದಾರಿಯಲ್ಲಿ ಒಂದು ತೋಳ ರಸ್ತೆ ದಾಟಿತ್ತು. ಕಾರು ನಿಲ್ಲಿಸಿ ತೆಗೆದ ಫೋಟೋದಲ್ಲಿ ಅದು ಹುಣಸೆ ಬೀಜದಷ್ಟಿತ್ತು. ಲಕ್ಷ್ಮೀದೇವಮ್ಮನಿಗೆ ತೋರಿಸಿದಾಗ, "ನಾಯಿ ಚೆನ್ನಾಗೈತೆ," ಎಂದಿದ್ದರು. ಆ ಮಾತು ನನ್ನೊಳಗೆ ಉಳಿದುಬಿಟ್ಟಿತು.

ದೂರದ ಪ್ರಾಣಿಯನ್ನು ಹತ್ತಿರ ತರಲು ಉದ್ದದ ಲೆನ್ಸು ಬೇಕು. ನನ್ನ ಕ್ಯಾಮೆರಾಕ್ಕೆ ಹೊಂದುವಂಥದ್ದನ್ನು ಹೊಸದಾಗಿ ಕೊಳ್ಳುವುದು ನಮ್ಮ ಕೈಗೆಟುಕುವ ಮಾತಲ್ಲ. ಬೇರೆ ಕಂಪನಿಯದು ಅದರ ಬಾಯಿಗೆ ಕೂರುವುದಿಲ್ಲ. ಹೀಗಿರುವಾಗ, ಹಕ್ಕಿ ನೋಡುವವರ ಫೋನ್ ಗುಂಪಿನಲ್ಲಿ ಕಲ್ಯಾಣದುರ್ಗದ ನಾಗಲಿಂಗಪ್ಪ ಮೇಷ್ಟ್ರು ಬರೆದಿದ್ದರು: ಭುಜ ನೋಯುತ್ತದೆ, ಭಾರ ಹೊರಲಾರೆ, ಯಾರಾದರೂ ಹಗುರವಾದ ಕ್ಯಾಮೆರಾ, ಸಣ್ಣ ಲೆನ್ಸು ಕೊಟ್ಟರೆ ನನ್ನ ಕ್ಯಾಮೆರಾ ಮತ್ತು ದೊಡ್ಡ ಲೆನ್ಸು ಕೊಡುತ್ತೇನೆ. ಮೇಲೆ ಸ್ವಲ್ಪ ಹಣ ಕೊಟ್ಟರೆ ಸಾಕು. ನಾನು ಫೋನು ಮಾಡಿದಾಗ ಇನ್ನೊಂದು ಮಾತು ಸೇರಿಸಿದರು. "ಬಂದು ಎತ್ತಿ ನೋಡಮ್ಮ. ನಿನ್ ಕೈಗೆ ಅದು ಒಗ್ಗಲ್ಲ ಅನ್ನಿಸಿದ್ರೆ ನಾನು ಕೊಡಲ್ಲ."

ಒಪ್ಪಂದವಾದರೆ ಹಳೆಯದು ಪೂರ್ತಿ ಹೋಗುತ್ತದೆ. ಹೊಸದು ಒಗ್ಗದಿದ್ದರೆ ಹಿಂದಕ್ಕೆ ದಾರಿಯಿಲ್ಲ. ಈ ಯೋಚನೆಯನ್ನು ಮಡಿಲಲ್ಲಿಟ್ಟುಕೊಂಡೇ ಐದೂಕಾಲರ ಬಸ್ಸು ಹತ್ತಿದೆ.

ಮಾಘದ ಚಳಿ. ಹಿಂದೂಪುರದ ಮಾರುಕಟ್ಟೆ ದಾಟುವಾಗ ಹುಣಸೆಹಣ್ಣಿನ ಹೊಸ ಘಾಟು ಕಿಟಕಿಯಿಂದ ಒಳಗೆ ಬಂತು. ನಮ್ಮ ಮನೆಯವರದು ಅದೇ ವ್ಯಾಪಾರ, ಹಾಗಾಗಿ ಆ ವಾಸನೆ ನನಗೆ ಮನೆಯದೇ. ಪಾವಗಡದಲ್ಲಿ ಬಸ್ಸು ಬದಲಿಸಿದೆ. ಅಲ್ಲಿ ಅಂಗಡಿಯ ಹಲಗೆಗಳು ಕನ್ನಡಕ್ಕೆ ತಿರುಗಿದ್ದವು, ಒಂದು ಗಂಟೆಯೊಳಗೆ ಮತ್ತೆ ತೆಲುಗಿಗೆ ಬಂದವು. ಬಸ್ಸಿನೊಳಗಿನ ಮಾತು ಮಾತ್ರ ಎಲ್ಲೂ ಬದಲಾಗದೆ ಎರಡನ್ನೂ ಕಲಸಿಕೊಂಡೇ ಹೋಗುತ್ತಿತ್ತು. ಎರಡು ಟಿಕೆಟ್ಟಿಗೂ ಸೇರಿ ಇನ್ನೂರರ ನೋಟಿನಲ್ಲಿ ಚಿಲ್ಲರೆ ಉಳಿಯಿತು. ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡಿದ್ದೆ. ಮಗಳ ಮೊದಲ ಶಾಲಾ ವಾರ್ಷಿಕೋತ್ಸವ, ಅತ್ತೆಯವರ ಕೊನೆಯ ಯುಗಾದಿ, ನಮ್ಮ ಬೇವಿನ ಮರದ ಗೂಬೆಮರಿಗಳು, ಎಲ್ಲವನ್ನೂ ನೋಡಿದ ಕಣ್ಣು ಆ ಬ್ಯಾಗಿನಲ್ಲಿತ್ತು.

ಎಂಟೂವರೆಗೆ ಕಲ್ಯಾಣದುರ್ಗ. ಮೇಷ್ಟ್ರು ಬಸ್ ಸ್ಟ್ಯಾಂಡಿಗೇ ಹಳೆಯ ಜೀಪು ತಂದಿದ್ದರು. ನಿವೃತ್ತ ವಿಜ್ಞಾನ ಮೇಷ್ಟ್ರು. ಮೊಣಕೈಗೆ ಚರ್ಮದ ತೇಪೆ ಹಾಕಿದ ಸ್ವೆಟರು, ಜೇಬಿನಲ್ಲಿ ಲೆನ್ಸು ಒರೆಸುವ ಬಟ್ಟೆ. ಪಕ್ಕದಲ್ಲಿ ಅವರ ಹೆಂಡತಿ ಪಾರ್ವತಮ್ಮ, ಮಡಿಲಲ್ಲಿ ಇಡ್ಲಿ ಡಬ್ಬಿ.

"ಇವರ ಜೊತೆ ಒಬ್ಬಳೇ ಹುಲ್ಲುಗಾವಲಿಗೆ ಹೋದ್ರೆ ಊಟದ ನೆನಪೇ ಇರಲ್ಲ ಕಣಮ್ಮ. ಅದಕ್ಕೇ ನಾನೂ ಬಂದೆ," ಎಂದರು ಪಾರ್ವತಮ್ಮ. "ಮೂವತ್ತು ವರ್ಷದಿಂದ ತೋಳ ನೋಡ್ತಾವ್ರೆ. ನನ್ನನ್ನ ಅಷ್ಟು ನೋಡಿದ್ರೆ ನಾನೂ ಒಂದು ಫೋಟೋದಾಗೆ ಇರ್ತಿದ್ದೆ."

"ನೀನು ಸುಮ್ನೆ ನಿಂತ್ಕೊಂಡಿದ್ರೆ ತಾನೆ?" ಎಂದರು ಮೇಷ್ಟ್ರು.

ಊರು ದಾಟಿ ಅರ್ಧ ಗಂಟೆ ಹೋದ ಮೇಲೆ ಹುಲ್ಲುಗಾವಲು ತೆರೆದುಕೊಂಡಿತು. ಬರಡು ಎನ್ನುತ್ತಾರೆ ಅದನ್ನು. ನಾನು ಕಂಡಿದ್ದು ಬೇರೆ. ಮೊಣಕಾಲೆತ್ತರದ ಹುಲ್ಲು ಬೆಳಗಿನ ಬಿಸಿಲಿಗೆ ಹುರಿದ ರವೆಯ ಬಣ್ಣಕ್ಕೆ ತಿರುಗಿತ್ತು. ಪ್ರತಿ ತೆನೆಯ ತುದಿಯಲ್ಲೂ ಇಬ್ಬನಿ. ದೂರದಲ್ಲಿ ನಾಲ್ಕು ಕೃಷ್ಣಮೃಗಗಳು ತಲೆಯೆತ್ತಿ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸಿ ಮೇಯತೊಡಗಿದವು.

ಮೇಷ್ಟ್ರು ಲೆನ್ಸು ಹಾಕಿದ ಕ್ಯಾಮೆರಾವನ್ನು ನನ್ನ ಕೈಗಿತ್ತರು. ಹುಣಸೆ ವ್ಯಾಪಾರದ ಮನೆಗೆ ಬಂದವಳು ನಾನು. ಕೈಗೆ ಬಂದದ್ದನ್ನು ತೂಗಿ ನೋಡುವುದು ಅಭ್ಯಾಸ.

"ಕ್ಯಾಮೆರಾ ಸೇರಿ ಮೂರು ಕಿಲೋಗೆ ಒಂದು ಹಿಡಿ ಕಮ್ಮಿ," ಎಂದೆ.

ಮೇಷ್ಟ್ರು ಮೊದಲ ಸಲ ನಕ್ಕರು. "ಕರೆಕ್ಟ್ ಕಣಮ್ಮ. ಎತ್ತಿ ಹಿಡಿ ನೋಡೋಣ."

ಮುದ್ದೆ ತಿರುವುವ ಕೈ ಅಷ್ಟಕ್ಕೆಲ್ಲ ನಡುಗುವುದಿಲ್ಲ. ಹಿಡಿದೆ. ಕಣ್ಣಿಟ್ಟು ನೋಡಿದಾಗ ಅಷ್ಟು ದೂರದ ಕೃಷ್ಣಮೃಗದ ಕಿವಿಯ ಮೇಲೆ ಕೂತ ನೊಣ ಕಾಣಿಸಿತು. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಎಲೆಯ ಚಿತ್ರ ಬರೆಸುವಾಗ, ಮೊದಲು ನರ ನೋಡಿ, ಆಮೇಲೆ ಎಲೆ ಎನ್ನುತ್ತಿದ್ದರು. ಅವರ ನೆನಪಾಯಿತು. ಕೊಡುವ ಮನಸ್ಸು ಮೇಷ್ಟ್ರಿಗೆ ಬರಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಕುರಿ ಹೊಡೆದುಕೊಂಡು ಬಂದ ಒಬ್ಬಾತ ನಮ್ಮ ಬಳಿ ನಿಂತ. ಮೇಷ್ಟ್ರಿಗೆ ಪರಿಚಯದವನು. "ಸಾರ್, ತೋಳ ನೀರಿಗೆ ಅಂತ ಕುಂಟೆ ಕಡೀಗೆ ಹೋಗೈತೆ. ಕುಂಟೆ ಈ ವಾರ ಒಣಗೋಯ್ತು, ಈಗ ವಾಪಸ್ ಬತ್ತದೆ," ಎಂದ. ನನ್ನ ಕೈಯಲ್ಲಿದ್ದುದನ್ನು ನೋಡಿ ಕೇಳಿದ: "ಫೋಟೋ ತೆಗ್ದು ಏಂ ಮಾಡ್ತೀಯಮ್ಮ, ತೋಳಕ್ಕೆ ಆಧಾರ್ ಕಾರ್ಡ್ ಮಾಡಿಸ್ತೀಯಾ?"

"ಮಾಡಿಸಿದ್ರೆ ನಿನ್ ಕುರಿ ತಿಂದಾಗ ಕಂಪ್ಲೇಂಟ್ ಕೊಡಕ್ಕೆ ಸುಲಭ ಆಯ್ತದೆ ಕಣೋ," ಎಂದರು ಪಾರ್ವತಮ್ಮ.

ಜಾಲಿಯ ನೆರಳಲ್ಲಿ ಕೂತೆ, ಮೊಣಕೈಯನ್ನು ಮಂಡಿಯ ಮೇಲಿಟ್ಟು. ಅರ್ಧ ಗಂಟೆಯ ಮೇಲೆ ಬಂತು. ಹುಲ್ಲಿನ ಬಣ್ಣವೇ ಎದ್ದು ನಡೆದುಬಂದ ಹಾಗೆ, ಸದ್ದಿಲ್ಲದೆ, ಉದ್ದ ಕಾಲುಗಳನ್ನು ಒಂದೇ ಗೆರೆಯಲ್ಲಿಡುತ್ತಾ ಬಂತು. ಅಂಥ ನಡಿಗೆಯನ್ನು ನಾನು ಯಾವ ಪ್ರಾಣಿಯಲ್ಲೂ ಕಂಡಿರಲಿಲ್ಲ. ಅದು ಇನ್ನೂ ಹತ್ತಿರಕ್ಕೆ ಬಂದಾಗ ಮೈ ಚೌಕಟ್ಟಿನ ಹೊರಗೆ ಹೋಗತೊಡಗಿತು. ಹಿಂದಕ್ಕೆ ಎಳೆದು ಪೂರ್ತಿ ತೋಳವನ್ನು ಹಿಡಿಯಬೇಕು ಎಂದು ಲೆನ್ಸಿನ ಬಳೆ ತಿರುಗಿಸಿದೆ.

ತಿರುಗಿಸಿದ್ದು ನನ್ನ ಎಂಟು ವರ್ಷದ ಅಭ್ಯಾಸದ ದಿಕ್ಕಿಗೆ. ಈ ಕಂಪನಿಯವರದು ತದ್ವಿರುದ್ಧ. ತೋಳ ಹಿಂದೆ ಸರಿಯುವ ಬದಲು ಮುಖ ಮಾತ್ರವಾಗಿ ನನ್ನ ಕಣ್ಣಿಗೇ ನುಗ್ಗಿತು. ಗಾಬರಿಯಲ್ಲಿ ಬೆರಳು ಗುಂಡಿಯನ್ನು ಒತ್ತಿಬಿಟ್ಟಿತು. ಆ ಸದ್ದಿಗೆ ಅದು ತಲೆಯೆತ್ತಿ ಒಂದು ಕ್ಷಣ ನೋಡಿ, ಓಡದೆ, ಗತ್ತಿನಿಂದ ಪಕ್ಕಕ್ಕೆ ತಿರುಗಿ ಹುಲ್ಲಿನೊಳಗೆ ಸೇರಿತು.

ಕೆಡಿಸಿಕೊಂಡೆ ಎನ್ನಿಸಿತು. ಕಿವಿಯ ತುದಿಯೂ ಚೌಕಟ್ಟಿನಲ್ಲಿ ಇರಲಿಲ್ಲ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಕ್ಯಾಮೆರಾದ ತೆರೆಯನ್ನು ಬಹಳ ಹೊತ್ತು ನೋಡಿದರು.

"ಉಲ್ಟಾ ತಿರುಗಿಸ್ಬುಟ್ಟೆ ಅಲ್ವಾ?"

"ಹೌದು ಸಾರ್. ಕೈಗೆ ಗೊತ್ತಾಗಲಿಲ್ಲ."

"ಕೊಂಡು ತಂದ ಹಸು ನಾಕು ದಿನ ಹಳೇ ಮನೆ ದಾರೀನೇ ಹಿಡೀತದೆ. ಅದಕ್ಕೆ ಯಾರೂ ಹೊಡೆಯಲ್ಲ," ಎಂದರು. ಆಮೇಲೆ ತೆರೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಚೂಡು, ನೋಡಮ್ಮ. ಮೀಸೆ ಒಂದೊಂದಾಗಿ ಎಣಿಸ್ಬೋದು. ಮೂತಿ ಮೇಲೆ ಒಣಗಿದ ಕೆಸರು ಕೂಡ ಐತೆ. ಇಷ್ಟು ಹತ್ರದಿಂದ ನಾನೇ ತೆಗ್ದಿಲ್ಲ." ಕನ್ನಡಕ ಇಳಿಸಿಕೊಂಡು, "ಬೇಡ ಅನ್ನಿಸಿದ್ರೆ ಈಗ್ಲೇ ಹೇಳಮ್ಮ. ನಿಂದು ನೀನು ತಗೊಂಡು ಹೋಗು," ಎಂದರು.

ಬ್ಯಾಗಿನಲ್ಲಿದ್ದ ನನ್ನ ಹಳೆಯದನ್ನು ಮುಟ್ಟಿ ನೋಡಿದೆ. ತೋಳ ಹೋದ ದಾರಿಯನ್ನೂ ನೋಡಿದೆ.

"ಬೇಕು ಸಾರ್," ಎಂದೆ.

ಅವರ ಮನೆಯ ಜಗಲಿಯಲ್ಲಿ ಅದಲುಬದಲಾಯಿತು. ಪಾರ್ವತಮ್ಮ ಎರಡೂ ಕ್ಯಾಮೆರಾಗಳ ನೆತ್ತಿಗೆ ಕುಂಕುಮ ಇಟ್ಟು, ನನಗೆ ಎಲೆ ಅಡಿಕೆ, ರವಿಕೆ ಕಣ ಕೊಟ್ಟರು. ಆಮೇಲೆ ಮೇಷ್ಟ್ರು ತಮ್ಮ ಕ್ಯಾಮೆರಾದ ಕುತ್ತಿಗೆಪಟ್ಟಿಯನ್ನು ಬಿಚ್ಚತೊಡಗಿದರು. ಬೆವರಿಗೆ ಬಿಳುಚಿಕೊಂಡ ಪಟ್ಟಿ.

"ಹಸು ಕೊಟ್ರೂ ಹಗ್ಗ ಕೊಡಲ್ಲ ಕಣಮ್ಮ ನಮ್ಮಲ್ಲಿ. ಹಗ್ಗ ಹೋದ್ರೆ ಕೊಟ್ಟಿಗೇಗೆ ಇನ್ನೊಂದು ಬರಲ್ಲ ಅಂತಾರೆ," ಎಂದರು. "ನಿಂದೂ ಬಿಚ್ಕೋ."

ನನ್ನದನ್ನೂ ಬಿಚ್ಚಿಕೊಂಡೆ. ಆ ಪಟ್ಟಿಯ ಒಂದು ಮೂಲೆಯಲ್ಲಿ ಮಗಳು ಮೂರನೇ ಕ್ಲಾಸಿನಲ್ಲಿ ಪೆನ್ನಿನಿಂದ ಬರೆದ ನಕ್ಷತ್ರ ಇನ್ನೂ ಇತ್ತು. ಅದನ್ನೇ ಹೊಸ ಕ್ಯಾಮೆರಾಕ್ಕೆ ಹಾಕಿದೆ. ಒಂದು ಕಂಪನಿಯ ಹೆಸರು ಪಟ್ಟಿಯ ಮೇಲೆ, ಇನ್ನೊಂದರ ಹೆಸರು ಕ್ಯಾಮೆರಾದ ಹಣೆಯ ಮೇಲೆ. ಮೇಷ್ಟ್ರು ಜಗಲಿಯಲ್ಲೇ ಕೂತು ನನ್ನ ಹಳೆಯದರಿಂದ ದಾಸವಾಳದ ಮೇಲಿನ ಚಿಟ್ಟೆಯೊಂದರ ಫೋಟೋ ತೆಗೆದರು. "ಅಬ್ಬಾ, ಹೂವಿನಷ್ಟೇ ಹಗುರ," ಎಂದು ಭುಜ ಕುಣಿಸಿದರು. ಅವರು ಎರಡನೆಯ ಫೋಟೋ ತೆಗೆದಾಗ ಪಾರ್ವತಮ್ಮ ಅದರಲ್ಲಿದ್ದರು, ಸುಮ್ಮನೆ ನಿಂತುಕೊಂಡು.

ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಖಾಲಿ ಕೈಯಲ್ಲೇ ಬಳೆ ತಿರುಗಿಸುವುದನ್ನು ಕಲಿತೆ. ಪಕ್ಕದ ಸೀಟಿನ ಹೆಂಗಸು ನನ್ನ ಮಣಿಕಟ್ಟಿಗೆ ವಾತ ಎಂದುಕೊಂಡು ಒಂದು ಎಣ್ಣೆಯ ಹೆಸರು ಹೇಳಿದಳು.

ಹಿಂದೂಪುರ ಸೇರಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಮನೆಯವರು ಕ್ಯಾಮೆರಾ, ಲೆನ್ಸು ಎರಡನ್ನೂ ಒಟ್ಟಿಗೆ ಕೈಯಲ್ಲಿ ತೂಗಿ, ನಾನು ಹೇಳಿದ ತೂಕವನ್ನೇ ಹೇಳಿದರು. ಲಕ್ಷ್ಮೀದೇವಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಬಂದರು. ಮಜ್ಜಿಗೆ ಹಾಕಿಕೊಟ್ಟು, ನಾನು ಕ್ಯಾಮೆರಾದ ತೆರೆಯನ್ನು ಅವರ ಮುಂದೆ ಹಿಡಿದೆ. ಮೀಸೆ, ಕಣ್ಣಿನ ಹೊಳಪು, ಮೂತಿಯ ಕೆಸರು. ಎಲ್ಲವನ್ನೂ ನಾನು ಬಸ್ಸಿನಲ್ಲಿ ಹತ್ತು ಸಲ ನೋಡಿದ್ದೆ. ಅವರು ಒಮ್ಮೆ ಬಗ್ಗಿ ನೋಡಿದರು.

"ಪಾಪ, ಒಣಗಿದ ಕೆಸರು ನೆಕ್ಕೈತೆ. ನೀರು ಸಿಕ್ಕಿಲ್ಲ ಇದಕ್ಕೆ," ಎಂದರು. ಲೋಟ ಎತ್ತಿಕೊಂಡು ಹೊಸ್ತಿಲು ದಾಟುತ್ತಾ ಹೇಳಿದರು: "ನಿನ್ ಹಕ್ಕಿ ಬಟ್ಟಲಿಗೆ ಎರಡು ಸಲ ನೀರು ಹಾಕ್ದೆ ಕಣಮ್ಮ."