ಮಂಗಳವಿಲ್ಲದ ಹಾಡುಗಳು

ಸಂಗೀತದ ವಿಷಯದಲ್ಲಿ ನನಗೊಂದು ಹಠವಿದೆ. ಹಾಡು ಎಂದ ಮೇಲೆ ಅದು ಮುಗಿಯಬೇಕು. ನನ್ನ ಗುರುಗಳು ಮಂಗಳ ಹಾಡದೆ ತಂಬೂರಿಯನ್ನು ಗೋಡೆಗೆ ಒರಗಿಸಲು ಬಿಡುತ್ತಿರಲಿಲ್ಲ. ಪಾಠದ ನಡುವೆ ನೆಂಟರು ಬಂದರೂ ಸರಿಯೆ, ಒಂದು ಸಾಲಿನ ಮಂಗಳವನ್ನಾದರೂ ಹೇಳಿಯೇ ಏಳಬೇಕು. ಲಕ್ಷಣಗ್ರಂಥಗಳೂ ಅವರ ಪರವಾಗಿಯೇ ಇವೆ. ಹಾಡು ಹೊರಡುವ ಸ್ವರಕ್ಕೆ ಗ್ರಹವೆಂದೂ ಅದು ಬಂದು ತಂಗುವ ಸ್ವರಕ್ಕೆ ನ್ಯಾಸವೆಂದೂ ಹೆಸರಿಟ್ಟ ಹಿರಿಯರು, ತಂಗುದಾಣವಿಲ್ಲದ ಪ್ರಯಾಣವನ್ನು ಊಹಿಸಿಯೂ ಇರಲಾರರು.

ಇಂಥ ನಾನು ಈಗ ಸೌದಿಯ ಥುಕ್ಬಾದಲ್ಲಿ, ಮಗನ ಮನೆಯ ಅಡುಗೆಕೋಣೆಯ ಪಕ್ಕದಲ್ಲಿ ಕುಳಿತು, ಇಂಗ್ಲೆಂಡಿನ ಇಬ್ಬರು ಧ್ವನಿಮುದ್ರಿಸಿದ ಹಾಡುಗಳನ್ನು ಕೇಳುತ್ತಿರುತ್ತೇನೆ. ಹಾಡುವವಳು ಒಬ್ಬಾಕೆ, ಕೀಬೋರ್ಡು ನುಡಿಸುವವನು ಒಬ್ಬಾತ. ಈ ಬಗೆಗೆ ನಿಯೋ ಸೋಲ್ ಎನ್ನುತ್ತಾರೆಂದು ಸೊಸೆ ವಿದ್ಯಾ ಹೇಳಿಕೊಟ್ಟಳು. ಎಂದರೆ ಹೊಸ ಆತ್ಮ. ಆತ್ಮ ಹೊಸತಾಗುವುದು ವೇದಾಂತಕ್ಕೆ ಒಪ್ಪುವ ಮಾತಲ್ಲ. ಆದರೂ ಸೊಸೆಯ ಮುಖ ನೋಡಿ ಕಿವಿಗೊಟ್ಟೆ.

ಮೊದಲಿಗೆ ಆಕೆಗೆ ತಾಳಜ್ಞಾನವಿಲ್ಲವೆಂದು ತೀರ್ಪು ಕೊಟ್ಟೆ. ತಾಳದ ಪೆಟ್ಟು ಬಿದ್ದುಹೋದ ಮೇಲೆ ಹಾಡಿನ ಮಾತು ಬರುತ್ತಿತ್ತು. ತೊಡೆಯ ಮೇಲೆ ತಾಳ ಹಾಕುತ್ತ ಕೆಲವು ದಿನ ಕೇಳಿದ ಬಳಿಕ ತಿಳಿಯಿತು, ಪ್ರತಿಸಲವೂ ತಡವಾಗುವುದು ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನಮ್ಮಲ್ಲಿ ಇದಕ್ಕೆ ಅನಾಗತವೆಂಬ ಗೌರವದ ಹೆಸರೇ ಇದೆ. ಗರ್ಭಗುಡಿಯ ಮುಂದೆ ಹಿರಿಯರನ್ನು ಮೊದಲು ಬಿಟ್ಟು ತಾನು ಹಿಂದಿನಿಂದ ಕೈಮುಗಿಯುವವಳಂತೆ ಆಕೆ ತಾಳಕ್ಕೆ ದಾರಿಬಿಟ್ಟು ಬರುತ್ತಾಳೆ. ಆತನೂ ಹಾಗೆಯೇ. ಒಂದು ಸ್ವರ ಸಾಕಾದಲ್ಲಿ ಎರಡನ್ನು ನುಡಿಸುವುದಿಲ್ಲ. ಇಂಥ ಸಂಯಮವನ್ನು ನಮ್ಮ ಕಚೇರಿಗಳ ಎಷ್ಟು ಪಕ್ಕವಾದ್ಯಗಳಲ್ಲಿ ಕಂಡಿದ್ದೇನೆಂದು ಕೇಳಬೇಡಿ. ನನಗೆ ಇನ್ನೂ ಅವರೊಂದಿಗೆ ಸ್ನೇಹ ಬೇಕು.

ಆದರೆ ಕೊನೆ? ಅಲ್ಲಿಯೇ ನನ್ನ ಜಗಳ. ಅದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿರುವಾಗಲೇ ದನಿ ಸಣ್ಣದಾಗುತ್ತಾ ಇಲ್ಲವಾಗಿಬಿಡುತ್ತದೆ. ಮೊದಲ ದಿನ ನಾನು ಸ್ಪೀಕರಿನ ಬ್ಯಾಟರಿ ಮುಗಿಯಿತೆಂದು ತಿಳಿದು, ಅದನ್ನು ಚಾರ್ಜಿಗೆ ಹಾಕಿ, ಉಪಕಾರ ಮಾಡಿದ ತೃಪ್ತಿಯಲ್ಲಿ ಕುಳಿತಿದ್ದೆ. ಹಾಡು ಇರುವುದೇ ಹೀಗೆ ಎಂದು ವಿದ್ಯಾ ಹೇಳಿದಾಗ ನನಗೆ ಊಟದ ನಡುವೆ ಎಲೆ ಎತ್ತಿದಂತಾಯಿತು.

ಆ ದಿನ ನನ್ನನ್ನು ನೋಡಿ ಹೆಚ್ಚು ನಕ್ಕವಳು ಎದುರುಬಾಗಿಲಿನ ಜೊಹರಾ. ಉಳ್ಳಾಲದ ಹೆಣ್ಣುಮಗಳು. ಸಂಜೆ ವಿದ್ಯಾ ಆಫೀಸಿನಿಂದ ಬಂದೊಡನೆ ಇವಳೂ ಬರುತ್ತಿದ್ದಳು. ಒಬ್ಬಳು ಹಿಟ್ಟು ಕಲಸುವಳು, ಇನ್ನೊಬ್ಬಳು ತರಕಾರಿ ಹೆಚ್ಚುವಳು, ಇಬ್ಬರೂ ಆ ಹಾಡುಗಳ ಜೊತೆಗೆ ಹಾಡುವರು. ವಿದ್ಯಾ ಮೇಲಿನ ದನಿ, ಜೊಹರಾ ಅದರ ಕೆಳಗೆ ನೆಲಹಾಸಿನಂತೆ. ಸಂಗೀತ ಕಲಿತವಳಲ್ಲ ಆಕೆ. ಆದರೂ ಶ್ರುತಿ ಬಿಟ್ಟದ್ದನ್ನು ನಾನು ಕೇಳಿಲ್ಲ, ಕೇಳಲು ಪ್ರಯತ್ನಿಸಿದ್ದೇನೆ.

ಈ ಚಳಿಗಾಲದಲ್ಲಿ ಅವಳ ಗಂಡನ ಕೆಲಸ ನಿಂತು, ಫೈನಲ್ ಎಕ್ಸಿಟ್ ಆಯಿತು, ಎಂದರೆ ವೀಸಾ ರದ್ದಾಗಿ ಊರಿಗೆ ಖಾಯಂ ವಾಪಸು. ಗಲ್ಫಿನಲ್ಲಿ ಈ ಎರಡು ಶಬ್ದ ಕೇಳಿದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಮಾತನಾಡಲು ಫೋನ್ ಇದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಫೋನಿನಲ್ಲಿ ಮಾತು ಆಗುತ್ತದೆ ಮಾವ, ಒಟ್ಟಿಗೆ ಹಾಡಲು ಆಗುವುದಿಲ್ಲ, ಒಬ್ಬಳ ದನಿ ಇನ್ನೊಬ್ಬಳಿಗೆ ತಡವಾಗಿ ಮುಟ್ಟುತ್ತದೆ ಎಂದಳು ವಿದ್ಯಾ. ಆ ತಡಕ್ಕೆ ಯಾವ ಗ್ರಂಥದಲ್ಲಿಯೂ ಹೆಸರಿಲ್ಲ.

ಆದ್ದರಿಂದ ಹೊರಡುವ ಸಂಜೆ ಒಂದು ಹಾಡನ್ನಾದರೂ ಇಬ್ಬರೂ ಹಾಡಿ ಮುದ್ರಿಸಿಕೊಳ್ಳುವುದೆಂದಾಯಿತು. ಫೋನಿನ ಕೆಂಪು ಗುಂಡಿಯೂ ತಾಳವೂ ನನ್ನ ಪಾಲಿಗೆ ಬಂದವು. ಯಾರೂ ಕೇಳದಿದ್ದರೂ ಮೂರನೆಯ ಕೆಲಸವೊಂದನ್ನು ನಾನೇ ಎಳೆದುಕೊಂಡೆ. ಹಾಡಿಗೆ ಸರಿಯಾದ ಮುಕ್ತಾಯ ಬೇಕಲ್ಲ! ಕೊನೆಯ ಸಾಲನ್ನು ಮೂರು ಸಲ ಹೇಳಿ, ನಿಧಾನಿಸಿ, ಷಡ್ಜಕ್ಕೆ ಇಳಿದು ಮುಗಿಸುವ ಒಂದು ವರಸೆಯನ್ನು ಜೋಡಿಸಿ ಕಲಿಸಿದೆ. ಇಬ್ಬರೂ ವಿಧೇಯರಾಗಿ ಹಾಡಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಇದು ಭಜನೆ ಆಯ್ತು ಮಾಷ್ಟ್ರೇ," ಎಂದಳು ಜೊಹರಾ. "ಇನ್ನು ನೀವು ಪ್ರಸಾದ ಕೊಡುದೊಂದು ಬಾಕಿ."

ನಗು ನಿಂತ ಮೇಲೆ ಮತ್ತೆ ತೊಡಗಿದರು. ನಾನು ಗುಂಡಿ ಒತ್ತಿದೆ. ಈ ಸಲ ಹಾಡು ಹಿಡಿಯಿತು. ವಿದ್ಯಾ ತಾಳಕ್ಕೆ ದಾರಿಬಿಟ್ಟು ಬರುತ್ತಿದ್ದಳು, ಜೊಹರಾ ಅವಳಿಗಾಗಿ ಕಾಯುತ್ತಿದ್ದಳು. ಇಬ್ಬರ ಕಣ್ಣೂ ಒದ್ದೆಯಾಗಿತ್ತು, ದನಿ ಮಾತ್ರ ಅಲುಗಲಿಲ್ಲ. ಕೊನೆಯ ಸಾಲನ್ನು ಒಮ್ಮೆ ಹೇಳಿ ಎರಡನೆಯ ಸಲಕ್ಕೆ ಹೊರಟಾಗ ಬೀದಿಯ ತುದಿಯ ಮಸೀದಿಯಿಂದ ಮಗ್ರಿಬ್ ಬಾಂಗು ಕೇಳಿತು.

ಜೊಹರಾ ಶಬ್ದದ ನಡುವೆಯೇ ನಿಂತಳು. ಸೆರಗನ್ನು ತಲೆಗೆಳೆದುಕೊಂಡಳು. ವಿದ್ಯಾಳೂ ನಿಲ್ಲಿಸಿದಳು. ನನ್ನ ಕೈಯ ತಾಳವೂ ತಾನಾಗಿ ನಿಂತಿತು. ಈ ಊರಿಗೆ ಬಂದ ಮೇಲೆ ಸಾಯಂಸಂಧ್ಯೆಗೆ ನನ್ನನ್ನು ಎಬ್ಬಿಸುವುದೂ ಇದೇ ಕರೆ. ಭಗವಂತನ ಹೆಸರು ನಡೆದಿರುವಾಗ ನ್ಯಾಸವನ್ನು ಹುಡುಕುತ್ತ ಕೂರುವಷ್ಟು ದೊಡ್ಡ ವಿದ್ವಾಂಸ ನಾನಲ್ಲ.

ಬಾಂಗು ಮುಗಿಯಿತು. ಕೆಳಗೆ ವಿಮಾನನಿಲ್ದಾಣಕ್ಕೆ ಹೋಗುವ ಗಾಡಿ ಬಂದಿದೆಯೆಂದು ಅವಳ ಗಂಡ ಕರೆದು ಹೇಳಿದ. ನಮಾಜಿನಷ್ಟು ಹೊತ್ತು ಮಾತ್ರ ಉಳಿದಿತ್ತು.

"ಕೊನೆದೊಂದು ಸಾಲು ಹಾಡಿ ಬಿಡುವನಾ?" ಎಂದಳು ವಿದ್ಯಾ.

ಜೊಹರಾ ಸ್ವಲ್ಪ ಯೋಚಿಸಿದಳು. "ಬೇಡ ಮಾರಾಯ್ತಿ. ಪೂರ್ತಿ ಮಾಡಿದ್ರೆ ಮತ್ತೆ ನೀನು ಊರಿಗೆ ಬಂದಾಗ ನನ್ನ ಮನೆಗೆ ಬರ್ಲಿಕ್ಕೆ ನೆವ ಎಂತ ಉಂಟು? ಗಂಡನ ಮನೆ, ಅಮ್ಮನ ಮನೆ ಅಂತ ತಿರುಗಿ ಹಾಗೆಯೇ ಇಲ್ಲಿಗೆ ವಾಪಸ್ ಬರ್ತೀ ನೀನು."

ನಾನು ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆತಿದ್ದೆ. ಆದ್ದರಿಂದ ಆ ಮಾತೂ ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಅದರ ಬಳಿಕ ಬಾಗಿಲ ಸದ್ದು, ಪೆಟ್ಟಿಗೆಯ ಚಕ್ರಗಳು, ವಿದ್ಯಾ ಮೂಗು ಒರೆಸಿಕೊಂಡದ್ದು.

ಈಗ ಆ ಇಂಗ್ಲಿಷ್ ಜೋಡಿಯ ಹಾಡುಗಳು ಕೊನೆಯಲ್ಲಿ ಕರಗುವಾಗ ನಾನು ಜಗಳಕ್ಕಿಳಿಯುವುದಿಲ್ಲ. ಅವರಿಬ್ಬರಿಗೂ ಬಹುಶಃ ಆ ಕೋಣೆಯಿಂದ ಏಳಲು ಮನಸ್ಸಿರಲಿಲ್ಲ. ಯಾರೋ ನಮ್ಮ ಕಡೆಯ ಬಾಗಿಲನ್ನಷ್ಟೇ ಮೆಲ್ಲಗೆ ಎಳೆದುಕೊಂಡಿದ್ದಾರೆ. ದೇವರ ಮುಂದೆ ಮಂಗಳವನ್ನು ನಾನು ಇಂದಿಗೂ ತಪ್ಪಿಸುವುದಿಲ್ಲ. ಸ್ನೇಹದ ಮುಂದೆ ಅದಕ್ಕೆ ಅವಸರ ಮಾಡಬಾರದೆಂದು ಮಾತ್ರ ಕಲಿತಿದ್ದೇನೆ.

ಮೊನ್ನೆ ವಿದ್ಯಾಳ ರಜೆ ನಿಶ್ಚಯವಾಯಿತು. ಸುದ್ದಿ ತಿಳಿದ ಜೊಹರಾ ಧ್ವನಿಸಂದೇಶ ಕಳಿಸಿದ್ದಾಳೆ: "ಮಾಷ್ಟ್ರನ್ನೂ ಕರ್ಕೊಂಡು ಬಾ. ತಾಳಕ್ಕೆ ಮಾತ್ರ ಅಂತ ಹೇಳು, ಸಲಹೆಗೆ ಅಲ್ಲ."

ಷರತ್ತಿಗೆ ನಾನು ಒಪ್ಪಿದ್ದೇನೆ.